ಗುಂಡಿ ಡಬ್ಬಿಯ ಬಿಳಿ ಮಾತ್ರೆ

ಆಸ್ಪತ್ರೆ, ಎರಡನೇ ಮಹಡಿ
ಹತ್ತನೇ ತಾರೀಖು, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಔಷಧಿ ಅಂಗಡಿಯಲ್ಲಿ ನಿಂತೇ ಚಹಾ ಕುಡಿದು ದಿನ ದೂಡುತ್ತೀಯೋ? ಎಂಟು ತಿಂಗಳಿಂದ ನನ್ನ ಫೋನು ಎತ್ತಿಲ್ಲ ನೀನು. ಹಟದಲ್ಲಿ ಥೇಟ್ ಅಮ್ಮನೇ. ಅದಕ್ಕೇ ಈ ಪತ್ರವನ್ನು ನಿನ್ನ ಅಂಗಡಿ ಯಜಮಾನರ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಮ್ಮನಿಗೆ ಚೆನ್ನಾಗಿಲ್ಲ. ನೀನು ಮನೆ ಬಿಡುವ ಮುಂಚೆ ಅವಳ ಮೈಯೆಲ್ಲ ಸುಲಿದು ಹೋಯಿತಲ್ಲ, ಅದು ಯಾವ ಮಾತ್ರೆಯಿಂದ ಎಂದು ತಿಳಿಯಲು ಚರ್ಮದ ಡಾಕ್ಟರು ಸೋಮವಾರ ಬೆನ್ನಿಗೆ ಒಂಬತ್ತು ಪಟ್ಟಿ ಅಂಟಿಸಿದರು, ಒಂದೊಂದರಲ್ಲಿ ಒಂದೊಂದು ಔಷಧಿ. ಅಮ್ಮನ ದರ್ಜಿ ಬುದ್ಧಿ ಎಲ್ಲಿ ಹೋಗುತ್ತದೆ, "ಇಷ್ಟು ತೇಪೆ ಹಾಕಿದಾರೆ, ಒಂದಕ್ಕೂ ಹೊಲಿಗೆ ಇಲ್ಲ ನೋಡು" ಎಂದು ನಕ್ಕಳು. ಮರುದಿನ ಸಂಜೆ ಮುಖ ಊದಿಕೊಂಡಿತು. ಬುಧವಾರ ಪಟ್ಟಿ ತೆಗೆದರೆ ಒಂಬತ್ತೂ ಜಾಗ ಕೆಂಪು, ನಡುವಿನ ಚರ್ಮವೂ ಕೆಂಪು. ಅಪರೂಪಕ್ಕೆ ಪರೀಕ್ಷೆಯೇ ಹಳೆಯ ಕಾಯಿಲೆಯನ್ನು ಎಬ್ಬಿಸುತ್ತದಂತೆ. ಯಾವ ಔಷಧಿ ಆಗದು ಎಂದು ಈಗ ಹೇಳಲಾಗುವುದಿಲ್ಲ, ಇನ್ನೊಮ್ಮೆ ಅಂಟಿಸುವಂತೆಯೂ ಇಲ್ಲ. ಚರ್ಮ ಮತ್ತೆ ಸುಲಿದು, ಸುಲಿದ ಕಡೆ ಕೀವಾಗಿ, ಜ್ವರ ನೂರಮೂರು. ಆಗದ ಔಷಧಿಯೇ ಆಗಿಬಿಟ್ಟರೆ ಎಂದು ಕೀವಿಗೆ ಔಷಧಿ ಕೊಡಲು ಡಾಕ್ಟರೇ ಹಿಂದೆ ಮುಂದೆ ನೋಡುತ್ತಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ ಅಕ್ಕಾ.

ಅಮ್ಮನ ಬೆರಳಿಗೆ ಒತ್ತಿ ತೆಗೆಯಲು ಕಷ್ಟವೆಂದು ನೀನೇ ಮಾತ್ರೆಗಳನ್ನೆಲ್ಲ ಬಿಡಿಸಿ ಅವಳ ಹೊಲಿಗೆಯ ಗುಂಡಿ ಡಬ್ಬಿಗೆ ಹಾಕಿಡುತ್ತಿದ್ದೆ. ಸ್ಟ್ರಿಪ್ಪು ಕಸಕ್ಕೆ ಹೋಯಿತು, ಡಾಕ್ಟರ ಚೀಟಿ ಮೊದಲೇ ಇರಲಿಲ್ಲ. ಆ ವಾರ ಗಂಟಲು ನೋವಿಗೆಂದು ನೀನು ತಂದ ಬಿಳಿ ಮಾತ್ರೆ ಯಾವುದು? ನಿನಗೊಬ್ಬಳಿಗೇ ಗೊತ್ತು. ಹೆಸರು ಬರೆದು ಕಳಿಸು, ಸಾಕು. ಅಮ್ಮ ನಿನ್ನನ್ನು ಒಂದು ದಿನವೂ ಬೈದಿಲ್ಲ. ಜ್ವರದಲ್ಲೂ "ದೊಡ್ಡವಳು ಬಂದ್ಲಾ" ಎಂದೇ ಕೇಳುತ್ತಾಳೆ. "ಅಮ್ಮನ್ನ ಕೊಲ್ಲೋಕೆ ಹೊರಟಿದೀಯಾ" ಎಂದು ಕೂಗಿ ನಿನ್ನನ್ನು ಮನೆ ಬಿಡಿಸಿದವಳು ನಾನು.

ಮಲಗಿದಲ್ಲಿಂದಲೇ ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ.

ನಿನ್ನ ತಂಗಿ,
ಪುಟ್ಟಿ

ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಮೇಲೆ ಬರೆಯಲು ಹೆದರಿದೆ. ಆ ಡಬ್ಬಿಗೆ ನನ್ನ ತಲೆನೋವಿನ ಮಾತ್ರೆಗಳನ್ನು ನಾನೂ ಹಾಕಿದ್ದೆ. ಅವೂ ಬಿಳಿಯೇ. ಅಮ್ಮ ಅವನ್ನೂ ನುಂಗಿದ್ದಳು. ಅದು ಗೊತ್ತಿದ್ದೂ ನಿನ್ನ ಮೇಲೆ ಕೂಗಿದೆ. ಇವತ್ತು ಬೆಳಿಗ್ಗೆ ಡಾಕ್ಟರಿಗೆ ಹೇಳಿದೆ. ನನ್ನ ಮಾತ್ರೆಯ ಹೆಸರು ಬರೆದುಕೊಂಡರು. ಅದರ ಕೆಳಗೆ ನಿನ್ನದಕ್ಕೆ ಜಾಗ ಬಿಟ್ಟಿದ್ದಾರೆ.