ಏಲಕ್ಕಿ ಜಗಿದು ಬಂದವರು

ನವೆಂಬರ್ ೧೪, ಶುಕ್ರವಾರ

ಇವತ್ತು ಮರವಂತೆಯಲ್ಲಿ ತೆಗೆದ ಎಂಜಲಿನ ಸ್ಯಾಂಪಲ್‌ಗಳೆಲ್ಲ ಹಾಳು. ಬಾಯಿಯ ಕ್ಯಾನ್ಸರನ್ನು ಬಹಳ ಮೊದಲೇ ಎಂಜಲಿನಲ್ಲಿ ಗುರುತಿಸಬಹುದೇ ಎಂಬುದು ನಮ್ಮ ಸಂಶೋಧನೆ. ಪರೀಕ್ಷೆಗೆ ಮುಂಚೆ ಒಂದು ಗಂಟೆ ಬಾಯಿಗೆ ಏನೂ ಹಾಕಬಾರದು. ಮೀನು ಮಾರುವ ಹೆಂಗಸರು ಎಲೆಯಡಿಕೆಯನ್ನೇನೋ ಬಿಟ್ಟಿದ್ದರು. ಆದರೆ ನಮ್ಮೆದುರು ಬಾಯಿ ವಾಸನೆ ಬರಬಾರದೆಂದು ಎಲ್ಲರೂ ಏಲಕ್ಕಿ ಜಗಿದು ಬಂದಿದ್ದರು!

ಮತ್ತೆ ಒಂದು ಗಂಟೆ ಕಾಯಬೇಕಾಯಿತು. ಅವರಲ್ಲಿ ಪರೀಕ್ಷೆಗೆ ಎಂದೂ ಒಪ್ಪದ ಸುಗುಣಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತುಸು ದೂರ ಕೂತಿದ್ದರು.

ಅವರಲ್ಲೇ ಒಬ್ಬರಾದ ಚಂದಕ್ಕನಿಗೆ ಕಾದು ಬೇಸರ ಬಂತು. “ನಮ್ಮ್ ಬಾಯೆಲ್ಲ ಕಾಂತ್ರಿ, ನಿಮ್ದ್ ಯಾರ್ ಕಾಂಬುದ್? ಬಿಡಿ ಕಾಂಬ.”

ಬಾಯಿ ಬಿಟ್ಟೆ. ನನ್ನದೇ ಟಾರ್ಚ್ ಹಿಡಿದು ನೋಡಿದರು.

“ಹ್ವಾಯ್, ಇವ್ರ್ ಹಲ್ಲಿನ್ ಸಂದಿಯಂಗೆ ಕೊತ್ತಂಬ್ರಿ ಸೊಪ್ಪ್ ಇತ್ತ್!”

ಸುಗುಣಕ್ಕ ಬಾಯ್ತುಂಬ ನಕ್ಕರು. ಸೆರಗು ಜಾರಿತು. ಚಂದಕ್ಕನ ಕೈಯ ಟಾರ್ಚಿನ ಬೆಳಕು ಬಿದ್ದು ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು.

ಅವರ ಪಕ್ಕಕ್ಕೆ ಹೋಗಿ, ಇದು ಯಾವಾಗಿನಿಂದ ಇದೆ ಎಂದು ಮೆಲ್ಲಗೆ ಕೇಳಿದೆ.

“ಮಳಿಗಾಲದಿಂದ ಇತ್ತ್. ಹೇಳ್ರೆ ಮನಿಯರೆಲ್ಲ ಹೆದ್ರತ್ರ್,” ಅಂದರು.

ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೂ ಈಗಲೇ ತೋರಿಸಬೇಕು, ನಾನು ವೈದ್ಯೆಯಲ್ಲ ಎಂದು ಹೇಳಿದೆ. ಸುಗುಣಕ್ಕ ಸೆರಗು ಸರಿಮಾಡಿಕೊಂಡರು.

“ಸೋಮ್ವಾರ ಕುಂದಾಪ್ರಕ್ಕೆ ಬತ್ತೆ. ನೀವೂ ಒಟ್ಟಿಗೆ ಬರ್ಕ್. ಬಪ್ಪತಿಗೆ ಹಲ್ಲ್ ತಿಕ್ಕಂಡ್ ಬನ್ನಿ.”

ನಗುವಾಗ ಕಂಡ ಮಚ್ಚೆಗೆ ನಮ್ಮ ವರದಿಯಲ್ಲಿ ಯಾವ ಕಾಲಮ್ಮೂ ಇಲ್ಲ. ಇರಲಿ. ಓದಲು ತೆಗೆದ ರಷ್ಯನ್ ಕಾದಂಬರಿಯ ಅನುವಾದ ಒಂದೇ ಪುಟದಲ್ಲಿ ನಿಂತಿದೆ, ಮನಸ್ಸು ಹೋಗುತ್ತಿಲ್ಲ. ಸುಗುಣಕ್ಕ ಬರುತ್ತೇನೆ ಅಂದರಲ್ಲ, ತಾವಾಗಿಯೇ.