ಮಹಾಬಲನ ಫಿಲ್ಟರ್

ನವೆಂಬರ್ 24, ಸೋಮವಾರ. ಬೆಳಿಗ್ಗೆ

ಮೀನಿನ ಟ್ಯಾಂಕಿನ ಫಿಲ್ಟರ್ ಮತ್ತೆ ಗೊರಗೊರ. ಬಿಚ್ಚಿ, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಹಿಂಡಿ ಹಾಕಿದೆ. ಸ್ವಲ್ಪ ಹೊತ್ತು ಸುಮ್ಮನಿತ್ತು, ಮತ್ತೆ ಅದೇ ರಾಗ. ಅಷ್ಟಕ್ಕೇ ಅತ್ತಿಗೆ ಬಂದು ಸೆರಗಿನಲ್ಲಿ ಮೂಗು ಮುಚ್ಚಿಕೊಂಡಳು. ಗೋಡೆಯ ಆಚೆ ದೇವರಕೋಣೆ, ಈಚೆ ಚಾವಡಿಯಲ್ಲಿ ಮೀನಿನ ನಾತ, ಇದು ಮನೆಯೋ ಮಾರ್ಕೆಟ್ಟೋ ಎಂದು ಅಣ್ಣನನ್ನು ಕೇಳಿದಳು. ನನ್ನನ್ನಲ್ಲ. ನಾನು ಪಕ್ಕದಲ್ಲೇ ಒದ್ದೆ ಕೈಯಲ್ಲಿ ನಿಂತಿದ್ದೆ.

ಅಣ್ಣ ಪೇಪರಿನ ಪುಟ ತಿರುಗಿಸಿದ. ಶಿವಸುಬ್ರಹ್ಮಣ್ಯ ಎಂದು ಇಷ್ಟು ಉದ್ದದ ಹೆಸರಿಟ್ಟದ್ದು ದಂಡ. ಆಡುವುದು ಎರಡೇ ಮಾತು — ‘ಹೂಂ’, ‘ಉಹೂಂ’. ಇವತ್ತು ಹೂಂ.

ಅಂದರೆ ಅತ್ತಿಗೆ ಹೇಳಿದ ಹಾಗೆ ಮಕರ ಸಂಕ್ರಾಂತಿಯೊಳಗೆ ಸದ್ದು, ನಾತ ಎರಡೂ ನಿಲ್ಲಬೇಕು. ಇಲ್ಲವಾದರೆ ಟ್ಯಾಂಕ್ ದನದ ಹಟ್ಟಿಗೆ. ಅಲ್ಲಿ ಪ್ಲಗ್ಗೂ ಇಲ್ಲ. ಮಹಾಬಲ ಒಂದು ವಾರ ಬದುಕಲಿಕ್ಕಿಲ್ಲ. ಈ ಮನೆಯಲ್ಲಿ ನನ್ನದು ಎಂದು ಇರುವುದು ಅದೊಂದು ಜೀವ. ಆಸ್ಕರ್ ಮೀನು, ಕಪ್ಪು ಮೈ, ಕೆಂಡದಂಥ ಪಟ್ಟೆ, ನಮ್ಮ ಹಳೆಯ ಹೆಡ್‌ಮಾಸ್ಟರರ ಹಾಗೆ ಮುಂದೆ ಚಾಚಿದ ಗದ್ದ. ಅವರ ಹೆಸರನ್ನೇ ಇಟ್ಟಿದ್ದೇನೆ. ಮೀನಿಗೆ ಈಶ್ವರನ ಹೆಸರೇ ಎಂದು ಅದಕ್ಕೂ ಅವಳ ತಕರಾರು.

ನವೆಂಬರ್ 29

ಕ್ಯಾನಿಸ್ಟರ್ ಫಿಲ್ಟರೇ ಆಗಬೇಕು. ಟ್ಯಾಂಕಿನ ಹೊರಗೆ, ಸ್ಟ್ಯಾಂಡಿನ ಕೆಳಗೆ ಡಬ್ಬಿಯಂತೆ ಕೂರುತ್ತದೆ. ಸದ್ದಿಲ್ಲ. ಆದರೆ ಯಾವುದು? ಇಡೀ ದಿನ ವಿಡಿಯೋ ನೋಡಿದೆ. ಯಾವುದೋ ಊರಿನ ಎ.ಸಿ. ಕೋಣೆಯಲ್ಲಿ ಕುಳಿತ ಗಂಡಸರು, ಎಲ್ಲರ ಬಾಯಲ್ಲೂ ‘ರಿಲಯಬಲ್’. ಅವರ ಮನೆಯಲ್ಲಿ ಕರೆಂಟ್ ಹೋಗುವುದೇ ಇಲ್ಲವೋ ಏನೋ. ನಮ್ಮ ಪೈವಳಿಕೆಗೆ ಬಂದು ಒಂದು ಸಂಜೆ ಕಳೆಯಲಿ. ಕರೆಂಟ್ ಹೋಗಿ ಬಂದಾಗ ತಾನಾಗಿ ನೀರೆಳೆದುಕೊಂಡು ಶುರುವಾಗದ ಫಿಲ್ಟರ್ ನನಗೆ ಯಾಕೆ? ಇದನ್ನು ಒಬ್ಬನೂ ಹೇಳುವುದಿಲ್ಲ. ಡಬ್ಬಿಯ ಬಣ್ಣ ಹೇಳುತ್ತಾರೆ.

ಡಿಸೆಂಬರ್ 6, ಶನಿವಾರ

ಉಪ್ಪಳಕ್ಕೆ ಹೋಗಿ ಬಂದೆ. ಧನರಾಜನ ಮೀನಿನ ಅಂಗಡಿ. ಮೊದಲು ಅತಿ ದುಬಾರಿಯದನ್ನು ಮುಂದಿಟ್ಟ. ಎಲ್ಲವನ್ನೂ ನೀರಿಗೆ ಜೋಡಿಸು, ಓಡಿಸು, ನಡುವೆ ಪ್ಲಗ್ ಕೀಳು ಅಂದೆ. ಮುಖ ಕಿವುಚಿದ. ನಾನು ಶಾಲೆಯ ಟೀಚರ್ ಅಂದಮೇಲೆ ಎದುರು ಹೇಳಲಾಗದೆ ಮಾಡಿದ. ದುಬಾರಿಯದು ಮುಚ್ಚಳದ ರಬ್ಬರ್ ಬಳೆಯ ಹತ್ತಿರ ಸೋರಿತು. ಇನ್ನೊಂದು ಕರೆಂಟ್ ಕೊಟ್ಟಾಗ ಗಾಳಿ ತುಂಬಿ ಬರೇ ಗುರುಗುಟ್ಟಿತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಬೂದು ಬಣ್ಣದ್ದು ಮಾತ್ರ ಒಮ್ಮೆ ಕೆಮ್ಮಿ, ನೀರೆಳೆದು, ಮೌನವಾಯಿತು. ಬೇಕೆಂದೇ ಮತ್ತೆ ಮತ್ತೆ ಕೀಳಿಸಿದೆ. ಪ್ರತಿ ಸಲವೂ ಹಾಗೆಯೇ.

“ಬಾಕ್ಸಿನಲ್ಲಿ ಬರೆದಷ್ಟು ನೀರು ಯಾವುದೂ ಎಳೆಯುವುದಿಲ್ಲ ಟೀಚರೇ. ಇದರ ಬಳೆ, ಒಳಗಿನ ಫ್ಯಾನು ನನ್ನಲ್ಲಿ ಯಾವಾಗಲೂ ಉಂಟು. ಅದು ನೋಡಿ ಮುಖ್ಯ,” ಅಂದ. ಅದನ್ನು ಮೊದಲೇ ಹೇಳಲು ಬಾಯಿಗೆ ಏನಾಗಿತ್ತು?

ಡಿಸೆಂಬರ್ 7

ಆ ಬೂದು ಬಣ್ಣದ್ದನ್ನು ಕೂರಿಸಿದೆ. ಹಳೆಯದನ್ನೂ ಜೊತೆಗೆ ಓಡಿಸುತ್ತಿದ್ದೇನೆ, ಅದರ ಜೀವಾಣು ಹೊಸದರೊಳಗೆ ನೆಲೆಯೂರುವವರೆಗೆ. ಅದರ ಗೊರಗೊರವನ್ನು ಅತ್ತಿಗೆ ಅಷ್ಟು ದಿನ ಸಹಿಸಲಿ.

ಡಿಸೆಂಬರ್ 30

ಹಳೆಯದನ್ನು ತೆಗೆದೆ. ಚಾವಡಿ ನಿಶ್ಶಬ್ದ. ನೀರು ಕನ್ನಡಿ. ಅತ್ತಿಗೆ ಬಂದು ಬಗ್ಗಿ ನೋಡಿ, “ಎಂತ, ಸತ್ತಿತಾ?” ಅಂದಳು. ಸದ್ದಿದ್ದರೆ ಕಷ್ಟ, ಇಲ್ಲದಿದ್ದರೆ ಸಾವು. ನಾನು ಗೆದ್ದೆ. ಬರೆದಿಡುತ್ತೇನೆ — ಗೆದ್ದೆ.

ಜನವರಿ 18, ಭಾನುವಾರ

ಕ್ಯಾನಿಸ್ಟರಿನ ಮೇಲಿನ ಸ್ಪಂಜೊಂದನ್ನು ಟ್ಯಾಂಕ್ ನೀರಿನಲ್ಲಿ ಹಿಂಡಲು ಬಿಚ್ಚಿದೆ. ಅತ್ತಿಗೆ ಮೊಣಕಾಲೂರಿ ಕುಳಿತು ಕೊನೆಯವರೆಗೂ ನೋಡಿದಳು. ಯಾವ ತಟ್ಟೆಯ ಮೇಲೆ ಯಾವುದು, ಬಳೆ ಹೇಗೆ, ಕ್ಲಿಪ್ ಹೇಗೆ. ತನಿಖೆಗೆ ಬಂದವರ ಹಾಗೆ. ಆ ಕಂದು ಕೆಸರು ಎಂತದು ಎಂದು ಕೇಳಿದಳು. ಕಸ ಅಂದೆ. ಅವಳಿಗೆ ಪಾಠ ಮಾಡಲು ನನಗೆ ಸಂಬಳ ಕೊಡುವವರು ಯಾರು?

ಜನವರಿ 26

ವರ್ಕಾಡಿಯ ದೊಡ್ಡಪ್ಪ ಬೆಳಿಗ್ಗೆ ಹೋದರು. ಸೂತಕ. ಮದುವೆಯಾಗಿ ಹೋದ ಅವರ ಹೆಣ್ಣುಮಕ್ಕಳಿಗೆ ಮೂರು ದಿನ. ಮದುವೆಯಾಗದ ನನಗೆ ಅಣ್ಣನ ಹಾಗೆ ಹತ್ತೂ ದಿನ. ಹುಟ್ಟಿದ ಮನೆಯಲ್ಲಿ ಮಾತಿಗೆ ಪಾಲಿಲ್ಲ, ಸೂತಕಕ್ಕೆ ಮಾತ್ರ ಪೂರ್ತಿ ಪಾಲು.

ಫೆಬ್ರವರಿ 5, ಗುರುವಾರ. ಸಂಜೆ

ಇವತ್ತು ಸೂತಕ ಕಳೆಯುವ ಶುದ್ಧ. ಮಿಂದು, ಪಂಚಗವ್ಯ ತೆಗೆದುಕೊಂಡು, ಶಾಲೆಗೆ ಹೋದೆ. ಮಾಡೆಲ್ ಪರೀಕ್ಷೆಯ ಕೆಲಸ, ರಜೆ ಸಿಗಲಿಲ್ಲ. ಅತ್ತಿಗೆ ಹಾಸಿಗೆ, ಚಾಪೆ, ಪರದೆ, ಇಡೀ ಮನೆ ತೊಳೆದಿದ್ದಳು. ಜೊತೆಗೆ ಫಿಲ್ಟರನ್ನೂ. ಸ್ಪಂಜು, ಒಳಗಿನ ಪಿಂಗಾಣಿ ಉಂಗುರಗಳು, ಎಲ್ಲ ಕುದಿಯುವ ನೀರಿನಲ್ಲಿ ಅದ್ದಿ, ಅಂಗಳದ ಬಿಸಿಲಿನಲ್ಲಿ ಒಣಗಿಸಿ, ಒಂದೂ ತಪ್ಪದೆ ಜೋಡಿಸಿ ಓಡಿಸಿದ್ದಾಳೆ. ಉಂಗುರಗಳು ಅಕ್ಕಿಯಷ್ಟು ಬಿಳಿ.

ಆ ಕೆಸರಿನಲ್ಲೇ ಇದ್ದದ್ದು ಮಹಾಬಲನ ಪ್ರಾಣ. ಮೀನಿನ ಹೊಲಸನ್ನು ತಿಂದು ನೀರನ್ನು ಉಳಿಸುವ ಜೀವಾಣುಗಳು ಅಲ್ಲಿದ್ದವು. ಒಂದೂ ಉಳಿದಿಲ್ಲ. ಇನ್ನು ಅವನ ಮೂತ್ರವೇ ಅವನಿಗೆ ವಿಷ.

ಕಿರುಚಿದೆ. ಕೊಂದಿರಿ ಅಂದೆ. ಬೇಕೆಂದೇ ಮಾಡಿದಿರಿ ಅಂದೆ. ಅತ್ತಿಗೆ ಒದ್ದೆ ಸೆರಗು ಹಿಂಡುತ್ತಾ ನಿಂತಳು.

“ಸೋಪು ಸಹ ಹಾಕಲಿಲ್ಲ, ಮೀನಿಗೆ ಆಗಲಿಕ್ಕಿಲ್ಲ ಅಂತ. ಕಸ ಅಂತ ಹೇಳಿದ್ದು ನೀನೇ ಅಲ್ವಾ ಸೌದಾಮಿನಿ?”

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿ ಇತ್ತು.

ಫೆಬ್ರವರಿ 8

ಮಹಾಬಲ ತಿನ್ನಲಿಲ್ಲ. ಕಿವಿರು ಜೋರಾಗಿ ಆಡುತ್ತಿದೆ. ಬಾವಿ ನೀರು ಹೊತ್ತು ಅರ್ಧ ಟ್ಯಾಂಕ್ ಬದಲಾಯಿಸಿದೆ.

ಫೆಬ್ರವರಿ 9, ಸೋಮವಾರ

ಮಹಾಬಲ ತಳದಲ್ಲಿ ಓರೆಯಾಗಿ ಬಿದ್ದಿದ್ದ. ಧನರಾಜನಿಗೆ ಫೋನ್ ಮಾಡಿದೆ. ಓಡುತ್ತಿರುವ ಹಳೆಯ ಟ್ಯಾಂಕಿನ, ಜೀವಾಣು ತುಂಬಿದ ಕೊಳಕು ಸ್ಪಂಜು ತಂದು ಹಾಕಬೇಕು, ಇವತ್ತೇ, ಒಣಗಲು ಬಿಡಬಾರದು, ತಾನು ಕೊಡುತ್ತೇನೆ ಅಂದ. ನನಗೆ ಪರೀಕ್ಷೆ ಡ್ಯೂಟಿ. ಅಣ್ಣನನ್ನು ಕೇಳಿದೆ. ಉಹೂಂ.

ಸಂಜೆ ಬಂದಾಗ ಸ್ಪಂಜು ಫಿಲ್ಟರಿನೊಳಗೆ ಇತ್ತು. ಅತ್ತಿಗೆ ನನ್ನ ಫೋನ್ ಮಾತು ಕೇಳಿಸಿಕೊಂಡಿದ್ದಳಂತೆ. ಕದ್ದು ಕೇಳುವ ಬುದ್ಧಿ ಎಲ್ಲಿ ಹೋಗುತ್ತದೆ? ಬಸ್ಸಿನಲ್ಲಿ ಉಪ್ಪಳಕ್ಕೆ ಹೋಗಿ, ನೀರು ತೊಟ್ಟಿಕ್ಕುವ ಆ ಗಲೀಜನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಾಳೆ. ಪಕ್ಕದಲ್ಲಿದ್ದವರು ಮೂಗು ಮುಚ್ಚಿ ಎದ್ದು ಹೋದರಂತೆ. ಒಳ್ಳೆಯದಾಯಿತು ಅಂದುಕೊಂಡೆ.

ಫೆಬ್ರವರಿ 13

ದಿನವೂ ನೀರು ಬದಲಾಯಿಸುವುದು. ಅವಳು ಬಾವಿಯಿಂದ ಸೇದುತ್ತಾಳೆ, ನಾನು ಹೊರುತ್ತೇನೆ. ಥ್ಯಾಂಕ್ಸ್ ಹೇಳಲಿಲ್ಲ, ಹೇಳುವುದೂ ಇಲ್ಲ. ಬೆಂಕಿ ಹಚ್ಚಿದವರು ನೀರು ತಂದರೆ ಶಾಲು ಹೊದೆಸಬೇಕೇ?

ಮಹಾಬಲ ನೆಟ್ಟಗೆ ನಿಂತಿದ್ದಾನೆ. ಆದರೆ ನಾನು ಹಾಕಿದ ಮೀನಿನ ತಿಂಡಿಯ ಪೆಲೆಟ್ ಮುಟ್ಟುವುದಿಲ್ಲ.

ಫೆಬ್ರವರಿ 21, ಶನಿವಾರ. ಮಧ್ಯಾಹ್ನ

ಪಂಚಾಯತಿನಲ್ಲಿದ್ದ ಟೀಚರ್‌ಗಳ ಮೀಟಿಂಗ್ ಬೇಗ ಮುಗಿಯಿತು. ಬಂದು ಚಪ್ಪಲಿ ಬಿಡುವಾಗ ಕಂಡೆ. ಅತ್ತಿಗೆ ಮಣಿಕಟ್ಟಿನವರೆಗೆ ಟ್ಯಾಂಕಿನಲ್ಲಿ ಕೈ ಅದ್ದಿ ನಿಂತಿದ್ದಳು. ಬೆರಳ ತುದಿಯಲ್ಲಿ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ಮಹಾಬಲ ಮೇಲೆ ಬಂದು ಮೆಲ್ಲಗೆ ಬಾಯಿಗೆ ಹಾಕಿಕೊಂಡ. ಮತ್ತೊಂದು. ಮತ್ತೊಂದು. ನನ್ನ ಬೆರಳನ್ನು ಕಚ್ಚಿ ರಕ್ತ ತೆಗೆದವನು.

ಅವನು ತಿಂದ. ಬದುಕಿದ. ಆದರೂ ಮೊದಲು ಬಂದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು.

ಅವಳು ತಿರುಗದೆಯೇ ಹೇಳಿದಳು. “ನನ್ನಲ್ಲಿ ಸಿಟ್ಟು ಇರಲಿ. ಸಂಜೆಗೆ ಇವನಿಗೆ ಎಂತ ಕೊಡುವುದು ಅಂತ ಆದರೂ ಹೇಳು.”

ಸಂಜೆ ನಾನೇ ಕೊಡುತ್ತೇನೆ ಅಂದೆ.

ಸಂಜೆ

ಅಡಿಗೆಮನೆಯಿಂದ ಬಟಾಣಿ ತಂದು, ಸಿಪ್ಪೆ ತೆಗೆದು, ಅವಳು ನಿಂತ ಜಾಗದಲ್ಲೇ ನಿಂತು ಕೈ ಅದ್ದಿದೆ. ಮಹಾಬಲ ಬಂದ. ನೋಡಿದ. ತಿರುಗಿ ಅಡಿಗೆಮನೆಯ ಬಾಗಿಲಿನ ಕಡೆಯ ಗಾಜಿಗೆ ಮೂತಿ ಒತ್ತಿ ನಿಂತ. ಬಾಗಿಲಲ್ಲಿ ಅತ್ತಿಗೆ ಇದ್ದಳು. ನಗಲಿಲ್ಲ. ನಕ್ಕಿದ್ದರೆ ಜಗಳ ಮಾಡಬಹುದಿತ್ತು. ಒಳಗೆ ಹೋದಳು.

ಮತ್ತೆರಡು ಸಲ ಅದ್ದಿದೆ. ಕೈ ಚಳಿ ಹಿಡಿಯಿತು. ಬರುವುದಿಲ್ಲ.

ಬಟ್ಟಲು ಟ್ಯಾಂಕಿನ ಪಕ್ಕದಲ್ಲೇ ಇದೆ. ಅವನಿಗೆ ಹಸಿವಿದೆ, ಬಾಗಿಲನ್ನೇ ನೋಡುತ್ತಿದ್ದಾನೆ. ನಾನು ಅವಳನ್ನು ಕರೆಯಲೇಬೇಕು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನಾಗಿ ಒಮ್ಮೆಯೂ ಕರೆದದ್ದಿಲ್ಲ. ಹೇಗೆ ಶುರು ಮಾಡುವುದು… ಅತ್ತಿಗೆ, ಒಮ್ಮೆ ಇಲ್ಲಿ —