ಹೋಲಿಕೆ ಗುಂಪಿನ ಮೂವತ್ತೊಂದು ಮಕ್ಕಳು

ಶಿವಾಜಿನಗರ
18 ಜನವರಿ 2025, ಶನಿವಾರ

ಇಪ್ಪತ್ತು ವರ್ಷದ ಗೆಳತಿ, ಹಠಮಾರಿ ಭಾಗ್ಯಲಕ್ಷ್ಮಿಗೆ,

ಫೋನ್ ಮಾಡಿದರೆ ಇಬ್ಬರೂ ಕಿರುಚುತ್ತೇವೆ. ವಾಟ್ಸಾಪಿನಲ್ಲಿ ಬರೆದರೆ ನೀನು ಓದಿ, ಎರಡು ನೀಲಿ ಗೆರೆ ತೋರಿಸಿ, ಸುಮ್ಮನಾಗುತ್ತೀಯ. ಅದಕ್ಕೇ ಬಿ.ಎಡ್. ಕಾಲದ ಹಾಗೆ ಕಾಗದ ತೆಗೆದುಕೊಂಡು ಕೂತಿದ್ದೇನೆ. ಇವತ್ತು ಶಾಲೆ ಅರ್ಧ ದಿನ, ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ. ಬರೆದು ಮುಗಿಸಿ ಸಂಜೆ ನಾನೇ ನಿನ್ನ ಮನೆ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಮಧ್ಯದಲ್ಲಿ ಸಿಟ್ಟು ಬಂದರೆ ಎದ್ದು ಹೋಗಿ ನೀರು ಕುಡಿದು ಬಾ. ಆದರೆ ಕೊನೆಯವರೆಗೂ ಓದು.

ನೀನು ಕಳಿಸಿದ ಪೊಟ್ಟಣ ಗುರುವಾರ ತಲುಪಿತು. ನನ್ನ ಏಳನೇ ತರಗತಿಯ ಮಕ್ಕಳ ಉತ್ತರ ಪತ್ರಿಕೆಗಳು, ಇನ್ನು ನಿನಗೆ ಬೇಡವೆಂದು ವಾಪಸ್. ಅವುಗಳ ಮೇಲೆ ನೀನೇ ಟೈಪ್ ಮಾಡಿಸಿದ ಹೇಳಿಕೆ: ಶಿವಾಜಿನಗರದ ಶಾಲೆಯ ಮಕ್ಕಳು ಪ್ರಶ್ನೆ ಪತ್ರಿಕೆಯನ್ನು ಮೊದಲೇ ನೋಡಿದ್ದರು, ಆದ್ದರಿಂದ ಅವರ ಅಂಕಗಳನ್ನು ಅಧ್ಯಯನದಿಂದ ಕೈಬಿಡಬಹುದು. ಕೆಳಗೆ ನನ್ನ ಸಹಿಗೆ ಜಾಗ. ಪಕ್ಕದಲ್ಲಿ ನಿನ್ನ ಗೈಡ್ ಹೆಸರು ಹಿಡಿದು ನಿನ್ನ ಪೆನ್ಸಿಲ್ ಬರಹ: "ದತ್ತು ಸರ್ ಹೀಗೇ ಮಾಡು ಅಂದಿದಾರೆ. ಬೇಗ ಸಹಿ ಮಾಡಿ ಕಳ್ಸು. ಫೆಬ್ರವರಿ ಕೊನೆಗೆ ಥೀಸಿಸ್ ಕೊಡ್ಬೇಕು."

ಮೂವತ್ತೊಂದು ಮಕ್ಕಳು ಕಣೇ. ಅಷ್ಟೂ ಮಕ್ಕಳನ್ನು ಕಳ್ಳರು ಎಂದು ನಾನು ಬರೆದುಕೊಡಬೇಕೇ?

ಜುಲೈನಲ್ಲಿ ನೀನೇ ಹೇಳಿದ್ದನ್ನು ನಿನಗೆ ನೆನಪಿಸುತ್ತೇನೆ. ವಿದ್ಯುತ್ ಪಾಠವನ್ನು ಹಲಸೂರಿನ ನಿನ್ನ ಶಾಲೆಯಲ್ಲಿ ಬ್ಯಾಟರಿ, ಬಲ್ಬು, ವೈರುಗಳನ್ನು ಮಕ್ಕಳ ಕೈಗೇ ಕೊಟ್ಟು ಕಲಿಸುವುದು. ನನ್ನ ಶಾಲೆಯಲ್ಲಿ ಪುಸ್ತಕ ಓದಿಸಿ, ಹಲಗೆಯ ಮೇಲೆ ಚಿತ್ರ ಬರೆದು ಕಲಿಸುವುದು. ಆರು ವಾರ. ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ. ಯಾರು ಹೆಚ್ಚು ಕಲಿತರು ಎಂದು ಹೋಲಿಸಿ ನೋಡುವುದು. ನನ್ನ ಮಕ್ಕಳಿಗೆ ನೀನು ಹೋಲಿಕೆ ಗುಂಪು ಎಂದು ಹೆಸರಿಟ್ಟೆ. "ಏನೂ ಕೊಡ್ಬೇಡ, ಎಂದಿನ ಹಾಗೆ ಪಾಠ ಮಾಡು, ಅಷ್ಟೇ ಬಿಲ್ಕೀಸ್" ಎಂದೆ. ಏನೂ ಕೊಡದೆ ಇರುವುದು ಇಷ್ಟು ಕಷ್ಟದ ಕೆಲಸವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಿನ್ನ ನಮೂನೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕಬೇಕು: ಶಿಕ್ಷಕಿ ಮಾತನಾಡುತ್ತಿದ್ದಾಳೆಯೇ, ಮಕ್ಕಳು ಮಾತನಾಡುತ್ತಿದ್ದಾರೆಯೇ, ಮೌನವೇ. ಇಪ್ಪತ್ತು ಮಕ್ಕಳಿಗೆ ಸಾಲುವ ಕೋಣೆಯಲ್ಲಿ ಮೂವತ್ತೊಂದು ಮಕ್ಕಳು, ಕಿಟಕಿಯಾಚೆ ಬಸ್ ನಿಲ್ದಾಣದ ಹಾರ್ನು. ಪಾಠ ಮಾಡಲೋ, ಗಡಿಯಾರ ನೋಡಲೋ? ಇನ್ನು ಆ ಮನೋಭಾವದ ಪ್ರಶ್ನಾವಳಿ! "ವಿಜ್ಞಾನವು ನನ್ನಲ್ಲಿ ಕುತೂಹಲವನ್ನು ಉಂಟುಮಾಡುತ್ತದೆ." ಒಪ್ಪುತ್ತೇನೆ, ಭಾಗಶಃ ಒಪ್ಪುತ್ತೇನೆ, ಒಪ್ಪುವುದಿಲ್ಲ. ಮೂವತ್ತೊಂದು ಮಕ್ಕಳೂ ಇಪ್ಪತ್ತೂ ಹೇಳಿಕೆಗಳಿಗೆ "ಒಪ್ಪುತ್ತೇನೆ" ಎಂದು ಗುರುತು ಹಾಕಿದರು. "ವಿಜ್ಞಾನವು ನನಗೆ ಬೇಸರ ತರಿಸುತ್ತದೆ" ಎಂಬುದಕ್ಕೂ ಒಪ್ಪಿದರು! ಯಾಕೆ ಎಂದು ಕೇಳಿದೆ. ಮಿಸ್ಬಾ ಎದ್ದು ನಿಂತು, "ಇಲ್ಲ ಅಂದ್ರೆ ನಿಮ್ಗೆ ಬೈತಾರಲ್ವಾ ಮಿಸ್?" ಎಂದಳು. ಉಳಿದವರೆಲ್ಲ ತಲೆಯಾಡಿಸಿದರು. ಇದನ್ನು ನಿನ್ನ ಯಾವ ಕಾಲಂನಲ್ಲಿ ತುಂಬಲಿ, ಹೇಳು.

ಮಿಸ್ಬಾ ಯಾರೆಂದು ನಿನಗೆ ಗೊತ್ತಿಲ್ಲ. ನಿನಗೆ ಅವಳು ಕ್ರಮಸಂಖ್ಯೆ ಹದಿನೇಳು. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಆಟೋಗಳಿಗೆ ವೈರಿಂಗ್ ಮಾಡುವ ಕಲೀಮುಲ್ಲಾ ಅವರ ಮಗಳು. ಕನ್ನಡ ಮಾಧ್ಯಮಕ್ಕೆ ಬಂದು ಎರಡೇ ವರ್ಷ. ಓದುವಾಗ ತಡವರಿಸುತ್ತಾಳೆ, ಅದಕ್ಕೇ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು.

ನಾಲ್ಕು ವಾರ ನಿನ್ನ ನಿಯಮ ಪಾಲಿಸಿದೆ. ಹಲಗೆಯ ಮೇಲೆ ಬಲ್ಬಿನ ಚಿತ್ರ ಬರೆದೂ ಬರೆದೂ ಸೀಮೆಸುಣ್ಣ ಸವೆಯಿತು. ಐದನೇ ವಾರದ ಸೋಮವಾರ ಧನುಶ್ರೀ ಕೈ ಎತ್ತಿದಳು. ಅವಳ ಮನೆ ಹಲಸೂರು, ಚಿಕ್ಕಪ್ಪನ ಮಗ ನಿನ್ನ ಶಾಲೆಯಲ್ಲೇ ಓದುತ್ತಾನೆ. "ಮಿಸ್, ಅವ್ರಿಗೆಲ್ಲ ನಿಜವಾದ ಬಲ್ಬ್ ಕೊಟ್ಟಿದಾರಂತೆ. ನಮ್ಗೆ ಯಾಕ್ ಕೊಟ್ಟಿಲ್ಲ?"

ನಾನು ಏನಾದರೂ ನೆವ ಹೇಳಬಹುದಿತ್ತು. ಹೇಳಲಾಗಲಿಲ್ಲ. ಇದೊಂದು ಸಂಶೋಧನೆ, ಒಂದು ಕಡೆ ಸಾಮಾನು ಕೊಟ್ಟು ಇನ್ನೊಂದು ಕಡೆ ಕೊಡದೆ ನೋಡುತ್ತಾರೆ ಎಂದು ವಿವರಿಸಿದೆ. ಆಮೇಲೆ ಕೊನೆಯ ಬೆಂಚಿನಿಂದ ಮಿಸ್ಬಾ ಕೇಳಿದಳು: "ಅಂದ್ರೆ ನಾವು ಕಮ್ಮಿ ಮಾರ್ಕ್ಸ್ ತಗೋಬೇಕಾ ಮಿಸ್?"

ಭಾಗ್ಯ, ನಾನು ಹಲಗೆಯ ಕಡೆ ತಿರುಗಿ ಅದೇ ಬಲ್ಬಿನ ಚಿತ್ರವನ್ನು ಇನ್ನೊಮ್ಮೆ ಬರೆದೆ.

ಮರುದಿನ ಅವಳು ಅಪ್ಪನ ಅಂಗಡಿಯಿಂದ ಒಂದು ಡಬ್ಬ ತಂದಳು. ಹಳೆಯ ಇಂಡಿಕೇಟರ್ ಬಲ್ಬುಗಳು, ತುಂಡು ವೈರುಗಳು, ಇನ್ನೂ ಸ್ವಲ್ಪ ಜೀವವಿದ್ದ ಒಂದು ಬ್ಯಾಟರಿ. "ನಾವೇ ತಂದ್ರೆ ಪರವಾಗಿಲ್ವಾ ಮಿಸ್? ನೀವ್ ಕೊಟ್ಟಂಗೆ ಆಗಲ್ವಲ್ಲ" ಎಂದಳು. ನಾನು ಬೇಡ ಎನ್ನಬೇಕಿತ್ತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದೆ.

ಆ ಎರಡು ವಾರ ನೀನು ನೋಡಬೇಕಿತ್ತು. ಬೆಂಚುಗಳನ್ನು ಗೋಡೆಗೆ ತಳ್ಳಿ ನೆಲದ ಮೇಲೆ ಕೂರುತ್ತಿದ್ದರು. ವೈರಿನ ತುದಿ ಹೇಗೆ ಸುಲಿಯಬೇಕು, ಯಾವುದು ಯಾವುದಕ್ಕೆ ತಾಗಬಾರದು ಎಂದು ತೋರಿಸುತ್ತಿದ್ದವಳು ಮಿಸ್ಬಾ. ಓದುವಾಗ ಅವಳನ್ನು ನೋಡಿ ನಗುತ್ತಿದ್ದ ಹುಡುಗಿಯರು "ಮಿಸ್ಬಾ, ಇಲ್ ಬಾರೇ, ನಮ್ದು ಉರೀತಿಲ್ಲ" ಎಂದು ಕೂಗುತ್ತಿದ್ದರು. ಸಾಲಾಗಿ ಜೋಡಿಸಿದ ಎರಡು ಬಲ್ಬುಗಳಲ್ಲಿ ಒಂದನ್ನು ತೆಗೆದರೆ ಇನ್ನೊಂದು ಯಾಕೆ ಆರಿಹೋಗುತ್ತದೆ ಎಂದು ಒಂದು ಪೀರಿಯಡ್ ಪೂರ್ತಿ ಜಗಳವಾಡಿದರು. ನಾನು ಬಾಯಿ ಬಿಡಲಿಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಈಗ ನನ್ನ ತಪ್ಪನ್ನು ಬರೆಯುತ್ತೇನೆ. ಆ ಹತ್ತೂ ದಿನ ನಿನ್ನ ನಮೂನೆಯಲ್ಲಿ "ಶಿಕ್ಷಕಿಯ ವಿವರಣೆ" ಎಂಬ ಕಾಲಂಗೆ ಗುರುತು ಹಾಕಿದೆ. ಸುಳ್ಳು ಗುರುತು. ನಿನಗೆ ಒಂದು ಮಾತು ಹೇಳಬಹುದಿತ್ತು. ನೀನು ಬೈಯುತ್ತೀಯ, ನಿಲ್ಲಿಸು ಎನ್ನುತ್ತೀಯ ಎಂಬ ಭಯಕ್ಕೆ ಹೇಳಲಿಲ್ಲ. ಅವರು ಹೇಗೂ ಕಮ್ಮಿಯೇ ತೆಗೆಯುತ್ತಾರೆ, ನಿನಗೇನೂ ತೊಂದರೆಯಾಗುವುದಿಲ್ಲ ಎಂದುಕೊಂಡೆ. ನನ್ನ ಮಕ್ಕಳ ಮೇಲೆ ನನಗೇ ಅಷ್ಟೇ ನಂಬಿಕೆ ಇತ್ತು, ನೋಡು.

ಕೊನೆಯ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಅವರ ಸರಾಸರಿ ಹತ್ತೊಂಬತ್ತು ಬಂತು, ನಿನ್ನವರದು ಹದಿನೇಳು. ಅವತ್ತು ನೀನು ಫೋನಿನಲ್ಲಿ ಅತ್ತದ್ದು ನನ್ನ ಕಿವಿಯಲ್ಲಿದೆ. ಆರು ವರ್ಷದ ಪಿಎಚ್.ಡಿ. ಕೆ.ಆರ್. ಪುರಕ್ಕೆ ವರ್ಗವಾಗಿದ್ದ ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು ನೀನು. "ಈ ವಯಸ್ಸಲ್ಲಿ ಯಾಕಮ್ಮ ನಿಂಗೆ ಇದೆಲ್ಲ?" ಎಂದು ಮನೆಯವರು ಕೇಳಿದಾಗ ನಗುತ್ತಾ ಟೀ ಕೊಟ್ಟವಳು. ಅದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಬಾಗಿಲು ಮುಚ್ಚಿದೆ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಮಕ್ಕಳಿಗೆ ಬ್ಯಾಟರಿ ಮುಟ್ಟಲು ಬಿಟ್ಟದ್ದಕ್ಕೆ ಕೇಳುವುದಿಲ್ಲ.

ಆದರೆ ನೀನು ಮಾಡಿದ್ದೇನು? ಯಾಕೆ ಹೀಗಾಯಿತು ಎಂದು ಒಮ್ಮೆಯಾದರೂ ಕೇಳಿದೆಯಾ? ಮಿಸ್ಬಾ ಬರೆದ ಉತ್ತರದ ಸುತ್ತ ಕೆಂಪು ಗೆರೆ ಹಾಕಿ "ಇದು ಪುಸ್ತಕದಲ್ಲಿಲ್ಲ, ಹೇಳಿಕೊಟ್ಟದ್ದು" ಎಂದು ಬರೆದಿದ್ದೀಯ. ಅವಳು ಬರೆದದ್ದು: "ಆಟೋದಲ್ಲಿ ಒಂದು ಇಂಡಿಕೇಟರ್ ಹೋದರೂ ಹೆಡ್‌ಲೈಟ್ ಉರಿಯುತ್ತದೆ, ಏಕೆಂದರೆ ಎರಡಕ್ಕೂ ಬೇರೆ ಬೇರೆ ದಾರಿ ಇದೆ." ಪುಸ್ತಕದಲ್ಲಿ ಇಲ್ಲದ್ದನ್ನು ಮಗು ಬರೆದರೆ ಕುಣಿದಾಡಬೇಕಾದವಳು ನೀನು. ವಿಜ್ಞಾನ ಶಿಕ್ಷಣ ಅಂತಲ್ಲವೇ ನಿನ್ನ ವಿಷಯದ ಹೆಸರು?

ನಾನು ಆ ಹೇಳಿಕೆಗೆ ಸಹಿ ಹಾಕಲಿಲ್ಲ. ನಿನ್ನೆ ಅರ್ಧ ದಿನ ರಜೆ ಹಾಕಿ ದತ್ತು ಸರ್ ಅವರನ್ನು ನೋಡಿ ಬಂದೆ. ಏನಾಯಿತೆಂದು ಎರಡು ಪುಟ ಬರೆದು, ಯಾವ ತಾರೀಖಿನಿಂದ ನಿಯಮ ಮುರಿದೆ, ಯಾವ ಹತ್ತು ದಿನದ ಗುರುತುಗಳು ಸುಳ್ಳು ಎಂದು ಪಟ್ಟಿ ಮಾಡಿ, ಸಹಿ ಹಾಕಿ ಕೊಟ್ಟೆ. ಒಂದು ಪ್ರತಿ ನಮ್ಮ ಹೆಡ್‌ಮಿಸ್ಟ್ರೆಸ್‌ಗೂ ಕೊಟ್ಟಿದ್ದೇನೆ. ಅವರು ಇನ್ನೂ ನನ್ನ ಮುಖ ನೋಡಿ ಮಾತನಾಡಿಲ್ಲ.

ಸರ್ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಎಂಥಾ ಕೆಲ್ಸ ಮಾಡಿದ್ರಿ ಮೇಡಂ, ಹೋಲಿಕೆನೇ ಹೋಯ್ತಲ್ರೀ" ಎಂದರು. ನಾನು ತಲೆ ತಗ್ಗಿಸಿದೆ. ಬಹಳ ಹೊತ್ತು ಓದಿದರು. ಆಮೇಲೆ, "ಮೊದಲ ನಾಲ್ಕು ವಾರದ್ದು ಉಳಿಯುತ್ತೆ. ಆಮೇಲಿಂದು ಬೇರೆ ಅಧ್ಯಾಯ ಆಗ್ಬೇಕು, ಏನಾಯ್ತೋ ಹಾಗೇ ಬರೀಬೇಕು. ಆರು ತಿಂಗ್ಳು ವಿಸ್ತರಣೆಗೆ ಅರ್ಜಿ ಹಾಕೋಕ್ ಹೇಳಿ, ನಾನು ಶಿಫಾರಸು ಮಾಡ್ತೀನಿ" ಎಂದರು.

ಮಕ್ಕಳು ಪ್ರಶ್ನೆ ಪತ್ರಿಕೆ ಮೊದಲೇ ನೋಡಿದ್ದರೆಂಬ ಹೇಳಿಕೆಯ ಮಾತೆತ್ತಿದೆ. ಅವರಿಗೆ ಅದರ ಸುದ್ದಿಯೇ ಗೊತ್ತಿಲ್ಲ. "ಯಾರು, ನಾನು ಹೇಳಿದ್ನಾ?" ಎಂದು ನನ್ನನ್ನೇ ಕೇಳಿದರು. ನಾನು ತಪ್ಪಾಗಿ ಕೇಳಿಸಿಕೊಂಡಿರಬೇಕು ಸರ್ ಎಂದು ಹೇಳಿ ಮೆಟ್ಟಿಲಿಳಿದೆ. ಇನ್ನೂ ನಿನಗೋಸ್ಕರ ಸುಳ್ಳು ಹೇಳುತ್ತಿದ್ದೇನೆ, ಗೊತ್ತಾಯಿತೇ?

ಎರಡೂ ಶಾಲೆಯ ಮೂಲ ಉತ್ತರ ಪತ್ರಿಕೆಗಳನ್ನು ಸೋಮವಾರ ನಾಲ್ಕು ಗಂಟೆಗೆ ತರಬೇಕಂತೆ. ಒಂದೊಂದನ್ನೂ ತಾವೇ ನೋಡುತ್ತಾರಂತೆ.

ಸಿಟ್ಟು ಇನ್ನೂ ಇಳಿಯದ, ಆದರೂ ನಿನ್ನವಳೇ ಆದ
ಬಿಲ್ಕೀಸ್

ಮರೆತ ಮಾತು: ನೀನು ಕಳಿಸಿದ ಕಟ್ಟಿನಲ್ಲಿ ನಿನ್ನ ಶಾಲೆಯ ನಾಲ್ಕು ಪತ್ರಿಕೆಗಳೂ ಸೇರಿಕೊಂಡು ಬಂದಿವೆ. ಜೀವನ್ ಬಿಮಾ ನಗರದ ನಿನ್ನ ಮನೆಯಲ್ಲಿ ಕೂತು ನಾವು ಅದಲು ಬದಲು ಮಾಡಿ ತಿದ್ದಿದೆವಲ್ಲ, ಆಗ ಈ ನಾಲ್ಕಕ್ಕೂ ನಾನು ಹನ್ನೊಂದು, ಹನ್ನೆರಡು ಕೊಟ್ಟಿದ್ದೆ. ಈಗ ಹದಿನೇಳು, ಹದಿನೆಂಟು ಇದೆ. ಖಾಲಿ ಬಿಟ್ಟಿದ್ದ ಜಾಗಗಳಲ್ಲಿ ಉತ್ತರಗಳಿವೆ, ಆ ಅಕ್ಷರ ಯಾರದೆಂದು ನನಗೆ ಗೊತ್ತು. ಉಳಿದ ಪತ್ರಿಕೆಗಳಲ್ಲಿ ಎಷ್ಟು ಹೀಗಿವೆಯೋ ನಾನು ಕೇಳುವುದಿಲ್ಲ. ದತ್ತು ಸರ್‌ಗೆ ಇದನ್ನು ಹೇಳಿಲ್ಲ, ನಾನು ಹೇಳುವುದೂ ಇಲ್ಲ, ಅದು ನಿನ್ನ ಬಾಯಿಂದಲೇ ಬರಬೇಕು. ಸೋಮವಾರ ಮೂರೂವರೆಗೆ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನೀನು ಒಳಗೆ ಹೋಗುವಾಗ ನಾನೂ ಬರುತ್ತೇನೆ.